ಕಾಲುವೆಯೋ, ಅಂಚೆಯೋ? ಪ್ರಾಣಿಗಳ ನರಮಂಡಲವನ್ನು ಕುರಿತ ಒಂದು ವಿವಾದದ ಚರಿತ್ರೆ

ಕತ್ತಲೆಯಲ್ಲಿ ನಡೆಯುವವನು ಮುಳ್ಳು ತುಳಿದರೆ, 'ಅಯ್ಯೋ' ಎಂಬ ಮಾತು ಬಾಯಿಂದ ಹೊರಡುವುದಕ್ಕೆ ಮೊದಲೇ ಅವನ ಕಾಲು ನೆಲದಿಂದ ಮೇಲೆದ್ದಿರುತ್ತದೆ. ಅಂಗಾಲಿಗೆ ಆದ ನೋವಿನ ವಾರ್ತೆಯು ಬೆನ್ನುಹುರಿಯವರೆಗೆ ಏರಿ, ಅಲ್ಲಿಂದ ಕಾಲೆತ್ತೆಂಬ ಅಪ್ಪಣೆಯಾಗಿ ತೊಡೆಯ ಸ್ನಾಯುಗಳಿಗೆ ಇಳಿದು ಬಂದು ಕೆಲಸವನ್ನು ಮಾಡಿಸಿರುತ್ತದೆ. ಇದು ಮನುಷ್ಯನೊಬ್ಬನಿಗೇ ದೊರೆತ ಸೌಕರ್ಯವಲ್ಲ. ಮಳೆಗಾಲದಲ್ಲಿ ಅಂಗಳದ ಮಣ್ಣಿನಿಂದ ತಲೆ ಹೊರಗೆ ಹಾಕಿದ ಎರೆಹುಳುವನ್ನು ಕಡ್ಡಿಯಿಂದ ಮುಟ್ಟಿದರೆ ಅದು ತಟ್ಟನೆ ಕುಗ್ಗಿ ಬಿಲದೊಳಕ್ಕೆ ಸೇರುತ್ತದೆ. ಅಡಿಗೆಮನೆಯ ಜಿರಲೆಯು ನಮ್ಮ ಕಾಲಿನ ಗಾಳಿ ಸೋಕಿದ ಮಾತ್ರಕ್ಕೆ ಓಡಿಹೋಗುತ್ತದೆ. ಶರೀರದ ಒಂದು ಕಡೆ ತಗುಲಿದ ಸುದ್ದಿಯನ್ನು ಇನ್ನೊಂದು ಕಡೆಗೆ ಮುಟ್ಟಿಸಿ, ಇಡೀ ಶರೀರವು ಒಗ್ಗಟ್ಟಿನಿಂದ ನಡೆದುಕೊಳ್ಳುವಂತೆ ಮಾಡತಕ್ಕ ಈ ಏರ್ಪಾಟಿಗೆ ನರಮಂಡಲವೆಂದು ಹೆಸರು.

ಸುದ್ದಿ ಹೋಗುವ ಈ ದಾರಿಯು ಯಾವ ಬಗೆಯದು? ನಮಗೆ ಪರಿಚಿತವಾದ ಎರಡು ಉಪಮಾನಗಳಿಂದ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಕಟ್ಟೆಯಿಂದ ಹೊರಟ ನೀರು ದೊಡ್ಡ ನಾಲೆಯಿಂದ ಕಿರುಕಾಲುವೆಗೆ, ಕಿರುಕಾಲುವೆಯಿಂದ ಗದ್ದೆಯ ಬದುವಿಗೆ ಹರಿಯುತ್ತದೆ. ಕವಲುಗಳು ನೂರಾದರೂ ನೀರು ಎಲ್ಲಿಯೂ ಕಡಿಯುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ಒಂದೇ ಪ್ರವಾಹ. ಇದು ಒಂದು ಬಗೆ. ನಮ್ಮ ಹಿರಿಯರ ಕಾಲದ ಅಂಚೆಯು ಇನ್ನೊಂದು ಬಗೆ. ಗೆಜ್ಜೆ ಕಟ್ಟಿದ ಕೋಲನ್ನು ಹಿಡಿದ ಅಂಚೆಯವನು ತನ್ನ ಪಾಲಿನ ಹಾದಿಯನ್ನು ಓಡಿ ಮುಗಿಸಿ, ಅಲ್ಲಿ ಕಾದು ನಿಂತ ಮತ್ತೊಬ್ಬನ ಕೈಗೆ ಚೀಲವನ್ನು ಕೊಡುತ್ತಿದ್ದನು. ಊರಿಂದೂರಿಗೆ ಹೋಗುತ್ತಿದ್ದುದು ಚೀಲವೇ ಹೊರತು ಓಡುವವನಲ್ಲ. ಒಬ್ಬನ ಓಟಕ್ಕೂ ಮತ್ತೊಬ್ಬನ ಓಟಕ್ಕೂ ನಡುವೆ ಒಂದು ಕೈಬದಲು ಇದ್ದೇ ಇತ್ತು.

ನರಮಂಡಲವು ಕಾಲುವೆಯೋ ಅಂಚೆಯೋ ಎಂಬ ವಿಷಯದಲ್ಲಿ ಯೂರೋಪಿನ ಪಂಡಿತರು 19ನೆಯ ಶತಮಾನದ ಉತ್ತರಾರ್ಧದಿಂದ 20ನೆಯ ಶತಮಾನದ ಮಧ್ಯದವರೆಗೆ ವಾದಿಸಿದರು. ಇದು ಕೇವಲ ಪಂಡಿತರ ಹಟವೆಂದು ತಳ್ಳಿಹಾಕತಕ್ಕದ್ದಲ್ಲ. ದಾರಿಯು ಕಾಲುವೆಯಾಗಿದ್ದರೆ ಅದನ್ನು ಒಡೆಯಬಹುದು, ಇಲ್ಲವೆ ಹರಿಯಬಿಡಬಹುದು, ಅಷ್ಟೇ. ಅಂಚೆಯಾಗಿದ್ದರೆ ಕೈಬದಲಾಗುವ ಪ್ರತಿಯೊಂದು ಸ್ಥಳದಲ್ಲಿಯೂ ಸುದ್ದಿಯನ್ನು ತಡೆಯಬಹುದು, ನಿಧಾನಮಾಡಬಹುದು, ಬೇರೆ ದಾರಿಗೆ ತಿರುಗಿಸಬಹುದು, ಅಭ್ಯಾಸದಿಂದ ಚುರುಕುಗೊಳಿಸಬಹುದು. ವಿಷವು ಕೊಲ್ಲುವುದೂ, ಮದ್ದು ಬದುಕಿಸುವುದೂ, ಮಗುವು ಅಕ್ಷರ ಕಲಿಯುವುದೂ ಆ ಸ್ಥಳಗಳಲ್ಲಿ ನಡೆಯುವ ವ್ಯಾಪಾರಗಳನ್ನು ಅವಲಂಬಿಸಿರುತ್ತವೆ. ನಾಗರಹಾವು ಕಚ್ಚಿದವನ ಪ್ರಾಣಕ್ಕೂ ಈ ಪ್ರಶ್ನೆಗೂ ಎಂತಹ ಸಂಬಂಧವಿದೆಯೆಂಬುದು ಮುಂದೆ ತಿಳಿದುಬರುವುದು.

ಮೊದಲು ಬಹುಕಾಲ ಮನ್ನಣೆ ಪಡೆದಿದ್ದುದು ಕಾಲುವೆಯ ಮತವೇ. ಕ್ರಿಸ್ತಶಕ 2ನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ಎಂಬಾತನು ನೆರೆದ ಜನರ ಎದುರಿಗೆ ಕಿರುಚುತ್ತಿದ್ದ ಹಂದಿಯೊಂದರ ಕೊರಳಿನ ಸಣ್ಣ ನರಗಳನ್ನು ಕತ್ತರಿಸಿದನು. ಹಂದಿಯು ಒದ್ದಾಡುತ್ತಲೇ ಇದ್ದರೂ ಅದರ ಕೂಗು ಮಾತ್ರ ಅಡಗಿಹೋಯಿತು. ಧ್ವನಿಯನ್ನು ಆಳುವುದು ಮಿದುಳು, ಆ ಅಪ್ಪಣೆಯನ್ನು ಒಯ್ಯುವುದು ನರ ಎಂದು ಹೀಗೆ ಅವನು ತೋರಿಸಿಕೊಟ್ಟನು. ಆದರೆ ನರದಲ್ಲಿ ಹೋಗುವುದೇನು? ಪ್ರಾಣವಾಯುವಿಗೆ ಸದೃಶವಾದ ಒಂದು ಸೂಕ್ಷ್ಮ ದ್ರವ್ಯವು ಮಿದುಳಿನಿಂದ ನರಗಳ ಮೂಲಕ ಅಂಗಾಂಗಗಳಿಗೆ ಹರಿಯುತ್ತದೆಂದು ಅವನು ನಂಬಿದ್ದನು. ಈ ನಂಬಿಕೆಯು 1,500 ವರ್ಷಗಳ ಪರ್ಯಂತ ಅಳಿಯಲಿಲ್ಲ. 17ನೆಯ ಶತಮಾನದ ಡೇಕಾರ್ಟನು ಸಹ ನರಗಳನ್ನು ಟೊಳ್ಳು ಕೊಳವೆಗಳೆಂದೇ ವರ್ಣಿಸಿದನು.

1791ರಲ್ಲಿ ಇಟಲಿಯ ಗ್ಯಾಲ್ವಾನಿಯು ಕಪ್ಪೆಯ ಕಾಲುಗಳ ಮೇಲೆ ತಾನು ಮಾಡಿದ ಪ್ರಯೋಗಗಳನ್ನು ಪ್ರಕಟಿಸಿ, ನರದ ಶಕ್ತಿಯು ವಿದ್ಯುತ್ತಿಗೆ ಸಂಬಂಧಪಟ್ಟುದೆಂದು ಸಾರಿದನು. ಅಲ್ಲಿಂದ ಮುಂದೆ ಕೊಳವೆಯಲ್ಲಿ ಹರಿಯುತ್ತಿದ್ದ ದ್ರವ್ಯಕ್ಕೆ ಬದಲಾಗಿ ತಂತಿಯಲ್ಲಿ ಹರಿಯುವ ವಿದ್ಯುತ್ತು ಪಂಡಿತರ ಮನಸ್ಸಿಗೆ ಬಂದಿತು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಸುದ್ದಿಯು ಓಡುವ ವೇಗವನ್ನು ಅಳೆದನು. ಈ ವೇಗವನ್ನು ಅಳೆಯುವುದು ಮನುಷ್ಯನಿಂದಾಗದೆಂದು ಅವನ ಗುರುವಾದ ಮ್ಯುಲ್ಲರನು ಭಾವಿಸಿದ್ದನು. ಶಿಷ್ಯನಿಗೆ ದೊರೆತ ಉತ್ತರವಾದರೋ ಸೆಕೆಂಡಿಗೆ ಸುಮಾರು 27 ಮೀಟರು. ಒಂದು ರೈಲುಗಾಡಿಯ ವೇಗಕ್ಕಿಂತ ಹೆಚ್ಚಲ್ಲ. ಲೋಹದ ತಂತಿಯಲ್ಲಿ ವಿದ್ಯುತ್ತು ಹೋಗುವ ರೀತಿಗೂ ನರದಲ್ಲಿ ಸುದ್ದಿ ಹೋಗುವ ರೀತಿಗೂ ಅಂತರವುಂಟೆಂದು ಆಗಲೇ ಗೊತ್ತಾಯಿತು. ಆದರೂ ದಾರಿಯು ಅಖಂಡವೋ ಖಂಡಖಂಡವೋ ಎಂಬುದು ಅಳತೆಯಿಂದ ತಿಳಿಯುವ ಸಂಗತಿಯಾಗಿರಲಿಲ್ಲ. ಅದನ್ನು ಕಣ್ಣಿನಿಂದ ನೋಡಬೇಕಾಗಿತ್ತು.

ನೋಡುವುದೇ ಕಷ್ಟವಾಗಿತ್ತು. ಗಿಡಮರಗಳೂ ಪ್ರಾಣಿಗಳೂ ಜೀವಕೋಶಗಳೆಂಬ ಸಣ್ಣ ಸಣ್ಣ ಘಟಕಗಳಿಂದ ಕಟ್ಟಲ್ಪಟ್ಟಿವೆಯೆಂದು 1838 ಮತ್ತು 1839ರಲ್ಲಿ ಷ್ಲೈಡನ್ ಮತ್ತು ಷ್ವಾನ್ ಎಂಬವರು ಪ್ರತಿಪಾದಿಸಿದ್ದರು. ಚರ್ಮ, ಪಿತ್ತಕೋಶ ಮೊದಲಾದವುಗಳಲ್ಲಿ ಈ ಮಾತು ಸುಲಭವಾಗಿ ರುಜುವಾತಾಯಿತು. ಮಿದುಳಿನಲ್ಲಿ ಆಗಲಿಲ್ಲ. ಅದರ ಒಂದು ತೆಳುವಾದ ಸೀಳನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟರೆ ಕಾಣುತ್ತಿದ್ದುದು ಹೆಣೆದುಕೊಂಡ ಎಳೆಗಳ ರಾಶಿ. ಒಂದು ಎಳೆಯು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುವುದೆಂದು ಹೇಳಲು ಯಾರಿಂದಲೂ ಸಾಧ್ಯವಾಗುತ್ತಿರಲಿಲ್ಲ. ಗೆರ್ಲಾಖ್ ಎಂಬ ಜರ್ಮನ್ ವಿದ್ವಾಂಸನು 1870ರ ದಶಕದ ಆದಿಯಲ್ಲಿ, ಇದನ್ನು ಬಿಡಿಸುವ ಗೊಡವೆಯೇ ಬೇಡ, ಇದು ನಿಜವಾಗಿಯೂ ಎಲ್ಲ ಕೋಶಗಳ ಎಳೆಗಳೂ ಕೂಡಿಕೊಂಡ ಒಂದು ಅಖಂಡವಾದ ಜಾಲವೇ ಎಂದು ತೀರ್ಮಾನಿಸಿದನು. ಬಹುಮಂದಿ ಒಪ್ಪಿದರು.

ಆಗ ರಂಗಕ್ಕೆ ಬಂದವನು ಕಾಮಿಲ್ಲೊ ಗಾಲ್ಜಿ. 1843ರಲ್ಲಿ ಉತ್ತರ ಇಟಲಿಯ ಬೆಟ್ಟದ ಹಳ್ಳಿಯೊಂದರಲ್ಲಿ ಹುಟ್ಟಿದ ಈತನು ಮಿಲಾನ್ ನಗರಕ್ಕೆ ಸಮೀಪದ ಅಬ್ಬಿಯಾತೆಗ್ರಾಸ್ಸೊ ಎಂಬ ಊರಿನಲ್ಲಿ, ಗುಣವಾಗದ ರೋಗಿಗಳನ್ನು ಇರಿಸುತ್ತಿದ್ದ ಆಸ್ಪತ್ರೆಯ ವೈದ್ಯನಾಗಿದ್ದನು. ಅಲ್ಲಿ ಪ್ರಯೋಗಶಾಲೆ ಎಂಬುದಿರಲಿಲ್ಲ. ಒಂದು ಅಡಿಗೆಯ ಕೋಣೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಅವನು ಕೆಲಸ ಮಾಡಿದನು. 1873ರಲ್ಲಿ ಅವನು ಪ್ರಕಟಿಸಿದ ವಿಧಾನವು ಕೇಳುವುದಕ್ಕೆ ಬಹು ಸರಳವಾದುದು. ಮಿದುಳಿನ ತುಂಡನ್ನು ಮೊದಲು ಪೊಟ್ಯಾಸಿಯಂ ಬೈಕ್ರೋಮೇಟಿನ ದ್ರಾವಣದಲ್ಲಿ ನೆನೆಹಾಕಿ ಗಟ್ಟಿಮಾಡಿ, ತರುವಾಯ ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಅದ್ದುವುದು. ಆಗ ಕೆಲವು ನರಕೋಶಗಳೊಳಗೆ ಬೆಳ್ಳಿಯ ಒಂದು ಲವಣವು ತುಂಬಿಕೊಂಡು ಅವು ಕಾಡಿಗೆಯಂತೆ ಕಪ್ಪಾಗುತ್ತವೆ.

ಈ ವಿಧಾನದ ಮಹಿಮೆಯೆಲ್ಲವೂ ಆ 'ಕೆಲವು' ಎಂಬ ಮಾತಿನಲ್ಲಿದೆ. ದಟ್ಟವಾದ ಬಿದಿರಮೆಳೆಯ ಮುಂದೆ ನಿಂತವನಿಗೆ ಯಾವ ಕೊಂಬೆ ಯಾವ ಗಳುವಿನದೆಂದು ತಿಳಿಯುವುದಿಲ್ಲ. ಮೆಳೆಗೆಲ್ಲ ಬಣ್ಣ ಬಳಿದರೂ ತಿಳಿಯುವುದಿಲ್ಲ. ನೂರರಲ್ಲಿ ಒಂದೆರಡು ಗಳುಗಳು ಮಾತ್ರ ಬೇರಿನಿಂದ ತುದಿಯ ಎಲೆಯವರೆಗೆ ಕಪ್ಪಾಗಿ, ಉಳಿದವೆಲ್ಲವೂ ಕಣ್ಣಿಗೆ ಕಾಣದಂತಾದರೆ ಆ ಒಂದೆರಡರ ಆಕಾರವು ನಿಚ್ಚಳವಾಗುತ್ತದೆ. ಗಾಲ್ಜಿಯ ಬೆಳ್ಳಿಯು ಮಾಡಿದ್ದು ಇದನ್ನೇ. ಹಳದಿಯ ಹಿನ್ನೆಲೆಯ ಮೇಲೆ ಒಂಟಿ ನರಕೋಶವು ತನ್ನ ಒಡಲು, ಮರದಂತೆ ಕವಲೊಡೆದ ಗಿಡ್ಡ ರೆಂಬೆಗಳು, ದೂರಕ್ಕೆ ಹೋಗುವ ಒಂದು ನೀಳವಾದ ಎಳೆ, ಇವುಗಳೊಡನೆ ಸಮಗ್ರವಾಗಿ ಮನುಷ್ಯನ ಕಣ್ಣಿಗೆ ಗೋಚರವಾಯಿತು.

ಆದರೆ ತಾನು ಕಂಡದ್ದರಿಂದ ಗಾಲ್ಜಿಯು ತೆಗೆದ ಸಿದ್ಧಾಂತವು ಬೇರೆ. ಗಿಡ್ಡ ರೆಂಬೆಗಳು ಒಂದಕ್ಕೊಂದು ಕೂಡುವುದಿಲ್ಲವೆಂಬುದನ್ನು ಅವನು ಒಪ್ಪಿದನು. ಆದಕಾರಣ ಗೆರ್ಲಾಖನ ಮತವನ್ನು ಬಿಟ್ಟನು. ನೀಳವಾದ ಎಳೆಗಳ ಕವಲುಗಳಾದರೋ ಕೂಡಿಕೊಂಡು ಎಲ್ಲೆಲ್ಲಿಯೂ ಹಬ್ಬಿದ ಒಂದು ಜಾಲವಾಗುತ್ತವೆಂದು ಹೇಳಿದನು. ಮಿದುಳಿನ ಒಂದೊಂದು ಮೂಲೆಗೂ ಒಂದೊಂದು ಕೆಲಸವನ್ನು ಹಂಚಿಕೊಡುತ್ತಿದ್ದ ಪಂಡಿತರ ವಿಷಯದಲ್ಲಿ ಅವನಿಗೆ ವಿಶ್ವಾಸವಿರಲಿಲ್ಲ. ನರಮಂಡಲವು ಇಡಿಯಾಗಿ ಕೆಲಸಮಾಡುತ್ತದೆಂಬುದು ಅವನ ದೃಢವಾದ ಭಾವನೆ. ಇಡಿಯಾಗಿ ಕೆಲಸಮಾಡುವ ವಸ್ತುವು ಇಡಿಯಾಗಿಯೇ ಇರಬೇಕಲ್ಲವೆ ಎಂಬ ತರ್ಕವು ಅವನಿಗೆ ಜಾಲವನ್ನು ತೋರಿಸಿತು.

ಜಾಲದ ಪಕ್ಷಕ್ಕೆ ಸಮುದ್ರದಿಂದಲೂ ಒಂದು ಸಾಕ್ಷ್ಯವು ದೊರೆಯುವಂತೆ ಕಾಣುತ್ತಿತ್ತು. ಅಂಬಲಿಮೀನೆಂದು ಕರೆಯಲ್ಪಡುವ ಕೊಡೆಯಾಕಾರದ ಪ್ರಾಣಿಗೆ ತಲೆಯೂ ಇಲ್ಲ, ಮಿದುಳೂ ಇಲ್ಲ. ಡಾರ್ವಿನ್ನನ ಸ್ನೇಹಿತನಾದ ರೊಮೇನ್ಸನು 1870ರ ದಶಕದಲ್ಲಿ ಸ್ಕಾಟ್ಲೆಂಡಿನ ಕಡಲ ತೀರದಲ್ಲಿ ಈ ಪ್ರಾಣಿಯ ಕೊಡೆಯನ್ನು ಚಕ್ಕುಲಿಯ ಸುತ್ತಿನಂತೆ ಉದ್ದವಾಗಿ ಕತ್ತರಿಸಿ ನೋಡಿದನು. ಒಂದು ತುದಿಯಲ್ಲಿ ಹುಟ್ಟಿದ ಮಿಡಿತವು ಆ ಪಟ್ಟಿಯ ಸುತ್ತುಗಳನ್ನೆಲ್ಲ ಬಳಸಿಕೊಂಡು ಇನ್ನೊಂದು ತುದಿಗೆ ಹೋಯಿತು. ಎಷ್ಟು ಕೊಯ್ದರೂ ಎಲ್ಲಿಯಾದರೂ ಒಂದು ಕಿರಿದಾದ ಸೇತುವೆ ಉಳಿದಿದ್ದರೆ ಸುದ್ದಿಯು ಅದರ ಮೇಲೆ ದಾಟುತ್ತಿತ್ತು. ನೀರು ಹೀಗಲ್ಲವೆ ಹರಿಯುವುದು? ಆದರೆ ರೊಮೇನ್ಸನ ಕೋರಿಕೆಯಂತೆ ಅದೇ ಪ್ರಾಣಿಯ ನರಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ ಷೇಫರನು 1878ರ ಸುಮಾರಿಗೆ ಕೊಟ್ಟ ವರದಿಯು ವಿಚಿತ್ರವಾಗಿತ್ತು: ಎಳೆಗಳು ಒಂದರ ಪಕ್ಕದಲ್ಲಿ ಇನ್ನೊಂದು ಬಹುದೂರ ಸಾಗುತ್ತವೆ, ಆದರೆ ಒಂದರೊಳಗೆ ಇನ್ನೊಂದು ಬೆರೆಯುವುದನ್ನು ಅವನು ಎಲ್ಲಿಯೂ ಕಾಣಲಿಲ್ಲ. ಜಾಲದಂತೆ ನಡೆದುಕೊಳ್ಳುವ ಪ್ರಾಣಿಯಲ್ಲಿಯೇ ಎಳೆಗಳು ಬಿಡಿಬಿಡಿಯಾಗಿದ್ದವು! ಈ ವರದಿಯು ಆ ಕಾಲದಲ್ಲಿ ಹೆಚ್ಚು ಜನರ ಗಮನವನ್ನು ಸೆಳೆಯಲಿಲ್ಲ.

ಹತ್ತು ವರ್ಷಗಳೊಳಗೆ ಅದೇ ಸಂದೇಹವು ಹಲವು ಕಡೆಗಳಿಂದ ತಲೆಯೆತ್ತಿತು. ಬೆಳೆಯುವ ಭ್ರೂಣವನ್ನು ನೋಡಿ ಹಿಸ್ ಎಂಬವನೂ, ಗಾಯಗೊಂಡ ನರಗಳು ಬಾಡುವ ರೀತಿಯನ್ನು ನೋಡಿ ಫೋರೆಲ್ ಎಂಬವನೂ ನರಕೋಶಗಳು ಪ್ರತ್ಯೇಕವಾಗಿರಬೇಕೆಂದು ಬರೆದರು. ನಾರ್ವೆ ದೇಶದ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ನಾನ್ಸೆನ್ ಎಂಬ ತರುಣನು ಇಟಲಿಗೆ ಹೋಗಿ ಗಾಲ್ಜಿಯ ವಿಧಾನವನ್ನು ಕಣ್ಣಾರೆ ನೋಡಿ ಬಂದು, ಕೆಳವರ್ಗದ ಕಡಲ ಪ್ರಾಣಿಗಳಲ್ಲಿ ಅದನ್ನು ಪ್ರಯೋಗಿಸಿ, ಕೋಶಗಳು ಒಂದಕ್ಕೊಂದು ನೇರವಾಗಿ ಕೂಡುವುದಿಲ್ಲವೆಂದು 1887ರಲ್ಲಿ ಪ್ರಕಟಿಸಿದನು. ಮರುವರ್ಷ ಹಿಮದ ಮೇಲೆ ಗ್ರೀನ್ಲೆಂಡನ್ನು ದಾಟಿ ಲೋಕಪ್ರಸಿದ್ಧನಾದ, 1922ರಲ್ಲಿ ಶಾಂತಿಯ ನೊಬೆಲ್ ಪಾರಿತೋಷಕವನ್ನು ಪಡೆದ ನಾನ್ಸೆನ್ನನು ಇವನೇ.

ವಾದಕ್ಕೆ ನಿರ್ಣಾಯಕವಾದ ತಿರುವನ್ನು ಕೊಟ್ಟವನು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಾಹಾಲ್. 1852ರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಲ್ಲಿ ಚಿತ್ರ ಬರೆಯುವ ಹುಚ್ಚು. ವೈದ್ಯನಾದ ತಂದೆಯು ಮಗನ ತುಂಟತನವನ್ನು ಅಡಗಿಸಲು ಅವನನ್ನು ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸಕ್ಕೆ ಹಾಕಿದ್ದನು. ಕೊನೆಗೆ ತಂದೆಯಿಂದಲೇ ಶರೀರಶಾಸ್ತ್ರವನ್ನು ಕಲಿತು ಕಾಹಾಲನು ಅಧ್ಯಾಪಕನಾದನು. 1887ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅವನು ಗಾಲ್ಜಿಯ ವಿಧಾನದ ಮಾದರಿಗಳನ್ನು ನೋಡಿದನು. ಆ ವಿಧಾನವು ಪ್ರಕಟವಾಗಿ 14 ವರ್ಷಗಳಾಗಿದ್ದರೂ, ಒಮ್ಮೆ ಬಣ್ಣ ಹತ್ತಿದರೆ ಇನ್ನೊಮ್ಮೆ ಹತ್ತದ ಅದರ ಚಂಚಲತೆಯಿಂದ ಬೇಸತ್ತು ಬಹುಜನರು ಅದನ್ನು ಕೈಬಿಟ್ಟಿದ್ದರು.

ಕಾಹಾಲನು ಎರಡು ಉಪಾಯಗಳನ್ನು ಹೂಡಿದನು. ದ್ರಾವಣಗಳಲ್ಲಿ ಅದ್ದುವ ಕ್ರಿಯೆಯನ್ನು ಒಮ್ಮೆಗೆ ಬದಲಾಗಿ ಎರಡು ಸಲ ಮಾಡಿದನು. ಬೆಳೆದ ಪ್ರಾಣಿಗಳಿಗೆ ಬದಲಾಗಿ ಮೊಟ್ಟೆಯೊಳಗಿನ ಮರಿ, ಆಗತಾನೆ ಹುಟ್ಟಿದ ಮರಿ, ಇಂತಹವುಗಳ ಮಿದುಳನ್ನು ತೆಗೆದುಕೊಂಡನು. ಮೆಳೆಯು ದಟ್ಟವಾಗಿ ಬೆಳೆಯುವ ಮೊದಲೇ ಗಳುಗಳನ್ನು ಎಣಿಸುವ ಜಾಣತನವಿದು. ಹೀಗೆ ಹಕ್ಕಿಗಳ ಕಿರುಮಿದುಳನ್ನು ಪರೀಕ್ಷಿಸಿದಾಗ, ಒಂದು ಬಗೆಯ ಕೋಶದ ಎಳೆಯು ಇನ್ನೊಂದು ಬಗೆಯ ದೊಡ್ಡ ಕೋಶದ ಒಡಲನ್ನು ಬುಟ್ಟಿಯಂತೆ ಹೆಣೆದು ಸುತ್ತಿಕೊಂಡು ಅಲ್ಲಿಯೇ ಮುಗಿಯುವುದನ್ನು ಅವನು ಕಂಡನು. ಬುಟ್ಟಿಯು ಒಡಲನ್ನು ಮುಟ್ಟುತ್ತದೆ, ಒಡಲಿನೊಳಕ್ಕೆ ಕರಗುವುದಿಲ್ಲ. 1888ರಲ್ಲಿ ಅವನು ತಾನೇ ಒಂದು ಪತ್ರಿಕೆಯನ್ನು ಹೊರಡಿಸಿ, ತಾನೇ ಬರೆದ ಚಿತ್ರಗಳೊಡನೆ ಈ ಸಂಗತಿಯನ್ನು ಅಚ್ಚುಹಾಕಿಸಿದನು. ಸ್ಪ್ಯಾನಿಷ್ ಭಾಷೆಯಲ್ಲಿದ್ದ ಆ ಬರಹವನ್ನು ಓದಬಲ್ಲ ಪಂಡಿತರು ಯೂರೋಪಿನಲ್ಲಿ ವಿರಳವಾಗಿದ್ದರು. ಆದುದರಿಂದ 1889ರಲ್ಲಿ ಅವನು ತನ್ನ ಗಾಜಿನ ಹಲಗೆಗಳನ್ನು ತಾನೇ ಹೊತ್ತುಕೊಂಡು ಬರ್ಲಿನ್ ನಗರದಲ್ಲಿ ಕೂಡಿದ ಜರ್ಮನ್ ಅಂಗರಚನಾಶಾಸ್ತ್ರಜ್ಞರ ಸಭೆಗೆ ಹೋದನು. ಆ ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಸರು ಪಡೆದಿದ್ದ ಕೋಲ್ಲಿಕರನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ, ಜಾಲದ ಮತವನ್ನು ತೊರೆದು ಕಾಹಾಲನ ಪಕ್ಷಕ್ಕೆ ಬಂದನು. 1891ರಲ್ಲಿ ವಾಲ್ಡೆಯರನು ನರಮಂಡಲದ ಈ ಪ್ರತ್ಯೇಕ ಘಟಕಕ್ಕೆ 'ನ್ಯೂರಾನ್' ಎಂದು ನಾಮಕರಣ ಮಾಡಿದನು. ಸುದ್ದಿಯು ಗಿಡ್ಡ ರೆಂಬೆಗಳಿಂದ ಒಡಲಿಗೆ ಬಂದು ನೀಳವಾದ ಎಳೆಯಿಂದ ಹೊರಹೋಗುತ್ತದೆ, ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ, ಎಂಬ ನಿಯಮವನ್ನೂ ಕಾಹಾಲನು ಊಹಿಸಿದನು.

1906ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಗಾಲ್ಜಿ ಮತ್ತು ಕಾಹಾಲ್ ಇಬ್ಬರಿಗೂ ಸಮವಾಗಿ ಹಂಚಲಾಯಿತು. ಡಿಸೆಂಬರ್ 11ರಂದು ಸ್ಟಾಕ್‌ಹೋಮಿನಲ್ಲಿ ಗಾಲ್ಜಿಯು ಮಾಡಿದ ಉಪನ್ಯಾಸದ ವಿಷಯ ನ್ಯೂರಾನ್ ಸಿದ್ಧಾಂತ. ಉದ್ದೇಶವು ಅದರ ಖಂಡನೆ. ಮರುದಿನ ಕಾಹಾಲನು ಅದೇ ಸ್ಥಳದಲ್ಲಿ ನ್ಯೂರಾನುಗಳ ಪರವಾದ ಪ್ರಮಾಣಗಳನ್ನು ಒಂದೊಂದಾಗಿ ಮುಂದಿಟ್ಟನು. ಗಾಲ್ಜಿಯು ಕೊಟ್ಟ ಬೆಳ್ಳಿಯಿಂದಲೇ ಗಾಲ್ಜಿಯ ಮತವು ಸೋತಿತೆಂಬುದು ಈ ಚರಿತ್ರೆಯ ಅತ್ಯಂತ ಸೋಜಿಗದ ಸಂಗತಿ. ಉಪಕರಣವನ್ನು ನಿರ್ಮಿಸಿದವನ ಇಷ್ಟಾನಿಷ್ಟಗಳಿಗೆ ಉಪಕರಣವು ಕಟ್ಟುಬೀಳುವುದಿಲ್ಲ.

ಆದರೂ ಕಾಹಾಲನು ತೋರಿಸಿದ್ದು ಎಳೆಯು ಮುಗಿಯುವ ಸ್ಥಳವನ್ನು ಮಾತ್ರ. ಅಲ್ಲಿ ಚೀಲವು ಕೈಬದಲಾಗುವುದನ್ನು ಯಾರೂ ನೋಡಿರಲಿಲ್ಲ. ಇಂಗ್ಲೆಂಡಿನ ಷೆರಿಂಗ್ಟನ್ನನು ಅದನ್ನು ಕಾಲಮಾನದಿಂದ ಗುರುತಿಸಿದನು. ಬೆನ್ನುಹುರಿಯ ಮೂಲಕ ಹಾದುಹೋಗುವ ಸುದ್ದಿಯು ಅಷ್ಟೇ ಉದ್ದದ ನರದಲ್ಲಿ ಹೋಗುವ ಸುದ್ದಿಗಿಂತ ತಡವಾಗಿ ಮುಟ್ಟುತ್ತದೆ. ನರವು ಎರಡು ದಿಕ್ಕಿಗೂ ಸುದ್ದಿಯನ್ನು ಒಯ್ಯಬಲ್ಲುದು. ಬೆನ್ನುಹುರಿಯ ದಾರಿಯಾದರೋ ಒಂದೇ ದಿಕ್ಕಿಗೆ ಬಿಡುತ್ತದೆ. ನಡುವೆ ಎಲ್ಲಿಯೋ ಚೀಲವು ಕೈ ಬದಲಾಯಿಸುತ್ತಿರಬೇಕು. 1897ರಲ್ಲಿ ಅವನು ಆ ಸ್ಥಳಕ್ಕೆ 'ಸಿನಾಪ್ಸ್' ಎಂಬ ಗ್ರೀಕ್ ಮೂಲದ ಹೆಸರನ್ನು ಕೊಟ್ಟನು. ನಾವು ಅದನ್ನು ನರಸಂಧಿಯೆಂದು ಕರೆಯಬಹುದು. ಮೊಣಕಾಲನ್ನು ಮಡಿಸುವ ಸ್ನಾಯುವು ಬಿಗಿಯುವಾಗ ಅದನ್ನು ಚಾಚುವ ಸ್ನಾಯುವು ಸಡಿಲವಾಗಬೇಕು. ಇಲ್ಲದಿದ್ದರೆ ಎರಡೂ ಜಗ್ಗಾಡಿ ಕಾಲು ಕದಲುವುದೇ ಇಲ್ಲ. ಆದುದರಿಂದ ನರಸಂಧಿಯು 'ಮಾಡು' ಎಂಬ ಅಪ್ಪಣೆಯಂತೆಯೇ 'ಬೇಡ' ಎಂಬ ಅಪ್ಪಣೆಯನ್ನೂ ಕೊಡುತ್ತದೆಂದು ಅವನು ತೋರಿಸಿದನು.

ಚೀಲದಲ್ಲಿ ಇದ್ದುದೇನು ಎಂಬುದಕ್ಕೆ ಸುಳಿವು ಬಹಳ ಹಿಂದೆಯೇ ದೊರೆತಿತ್ತು. ದಕ್ಷಿಣ ಅಮೆರಿಕದ ಬೇಡರು ಬಾಣದ ತುದಿಗೆ ಬಳಿಯುತ್ತಿದ್ದ ಕುರಾರೆ ಎಂಬ ವಿಷವನ್ನು ಫ್ರಾನ್ಸಿನ ಕ್ಲೋಡ್ ಬರ್ನಾರನು 1850ರ ದಶಕದಲ್ಲಿ ಕಪ್ಪೆಗಳ ಮೇಲೆ ಪರೀಕ್ಷಿಸಿದ್ದನು. ವಿಷವೇರಿದ ಕಪ್ಪೆಯ ನರಕ್ಕೆ ವಿದ್ಯುತ್ತು ತಗುಲಿಸಿದರೆ ಸ್ನಾಯುವು ಮಿಡಿಯುತ್ತಿರಲಿಲ್ಲ. ಸ್ನಾಯುವಿಗೆ ನೇರವಾಗಿ ತಗುಲಿಸಿದರೆ ಮಿಡಿಯುತ್ತಿತ್ತು. ವಿಷದಲ್ಲಿ ನೆನೆಸಿದ ನರದ ತುಂಡಿಗೂ ಏನೂ ಕೆಡುಕಾಗುತ್ತಿರಲಿಲ್ಲ. ನರವೂ ಸರಿ, ಸ್ನಾಯುವೂ ಸರಿ. ಕೆಟ್ಟದ್ದು ಅವೆರಡರ ನಡುವಣ ವ್ಯವಹಾರ. 1921ರಲ್ಲಿ ಆಸ್ಟ್ರಿಯದ ಓಟೊ ಲೋವಿಯು ಇದಕ್ಕೆ ಬೇರೊಂದು ಕಡೆಯಿಂದ ಬೆಳಕು ತಂದನು. ಒಂದು ಕಪ್ಪೆಯ ಹೃದಯವನ್ನು ನರದ ಮೂಲಕ ನಿಧಾನಗೊಳಿಸಿ, ಅದು ಮುಳುಗಿದ್ದ ದ್ರವವನ್ನು ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದನು. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು. ಈ ಪ್ರಯೋಗವು ತನಗೆ ಕನಸಿನಲ್ಲಿ ಹೊಳೆಯಿತೆಂದು ಲೋವಿಯೇ ಹೇಳಿಕೊಂಡಿದ್ದಾನೆ. ಅಂತು ನರದ ತುದಿಯಿಂದ ಒಂದು ರಾಸಾಯನಿಕ ದ್ರವ್ಯವು ಸ್ರವಿಸಿ ಸುದ್ದಿಯನ್ನು ಆಚೆಗೆ ದಾಟಿಸುತ್ತದೆ. ಅದಕ್ಕೆ ಅಸೆಟೈಲ್‌ಕೋಲಿನ್ ಎಂದು ಹೆಸರು. ಅಂತಹ ದ್ರವ್ಯಗಳು ಇನ್ನೂ ಅನೇಕವಿವೆಯೆಂದು ಮುಂದೆ ತಿಳಿದುಬಂದಿತು.

ಈಗ ನಾಗರಹಾವಿನ ಮಾತಿಗೆ ಬರೋಣ. ಅದರ ವಿಷದಲ್ಲಿರುವ ಕೆಲವು ಅಂಶಗಳು ಸ್ನಾಯುವಿನ ಮೇಲೆ ಅಸೆಟೈಲ್‌ಕೋಲಿನ್ ಬಂದು ಕೂರಬೇಕಾದ ಜಾಗಗಳಲ್ಲಿ ತಾವು ಹೋಗಿ ಕುಳಿತುಬಿಡುತ್ತವೆ. ಅಂಚೆಯವನು ಚೀಲವನ್ನು ತಂದಿದ್ದಾನೆ. ತೆಗೆದುಕೊಳ್ಳಬೇಕಾದವನ ಕೈಗಳು ಕಟ್ಟಿಹೋಗಿವೆ. ಕಚ್ಚಿಸಿಕೊಂಡವನ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಗುಟುಕು ಇಳಿಯದಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ನರವಾಗಲಿ ಸ್ನಾಯುವಾಗಲಿ ಸತ್ತಿರುವುದಿಲ್ಲ. ಆದಕಾರಣವೇ ತಡಮಾಡದೆ ಆಸ್ಪತ್ರೆಗೆ ಸೇರಿಸಿ, ಪ್ರತಿವಿಷವನ್ನು ಕೊಟ್ಟು, ಕೈಬದಲಿನ ಜಾಗಗಳು ಬಿಡುವಾಗುವ ತನಕ ಯಂತ್ರದಿಂದ ಉಸಿರಾಡಿಸಿದರೆ ರೋಗಿಯು ಬದುಕಿ ಉಳಿಯುವುದಕ್ಕೆ ಅವಕಾಶವುಂಟು. ಕಪ್ಪೆಗಳೊಡನೆ ನಡೆದ ವಾದವು ಮನುಷ್ಯನ ಹಾಸಿಗೆಯ ಬಳಿಗೆ ಬಂದುದು ಹೀಗೆ.

ಕಣ್ಣಿನ ಸಾಕ್ಷ್ಯವು ದೊರೆತುದು 1950ರ ದಶಕದಲ್ಲಿ. ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳಿಂದ ನೋಡುವ ಸೂಕ್ಷ್ಮದರ್ಶಕವು 1954 ಮತ್ತು 1955ರಲ್ಲಿ ನರಸಂಧಿಯನ್ನು ತೋರಿಸಿತು. ಎರಡು ಕೋಶಗಳ ನಡುವೆ ಬಿರುಕು ಇತ್ತು. ಅಗಲವು ಒಂದು ಮಿಲಿಮೀಟರಿನಲ್ಲಿ ಸುಮಾರು 50,000ದಲ್ಲೊಂದು ಪಾಲು. ಕಳಿಸುವ ಕೋಶದ ತುದಿಯಲ್ಲಿ ದುಂಡಾದ ಸಣ್ಣ ಚೀಲಗಳು ಗುಂಪುಗೂಡಿದ್ದವು. ದ್ರವ್ಯವು ಒಂದೇ ಸಮನೆ ಹರಿಯದೆ ಅಳೆದ ಪೊಟ್ಟಣಗಳಾಗಿ ಬೀಳುತ್ತದೆಂದು ಲಂಡನ್ನಿನ ಕಾಟ್ಸ್ ಮತ್ತು ಫ್ಯಾಟ್ ಎಂಬವರು 1952ರಲ್ಲಿಯೇ ತೋರಿಸಿದ್ದರು. ಗಾಲ್ಜಿಯು 1926ರಲ್ಲಿಯೂ ಕಾಹಾಲನು 1934ರಲ್ಲಿಯೂ ತೀರಿಕೊಂಡಿದ್ದುದರಿಂದ ಇಬ್ಬರೂ ಇದನ್ನು ನೋಡಲಿಲ್ಲ.

ಅಂಚೆಯ ಮತವು ಸ್ಥಾಪಿತವಾದ ಮೇಲೆ ಬೇರೆ ಬೇರೆ ಪ್ರಾಣಿಗಳ ನರಮಂಡಲಗಳನ್ನು ಹೋಲಿಸಿ ನೋಡುವುದಕ್ಕೆ ಒಂದು ಅಳತೆಗೋಲು ಸಿಕ್ಕಿತು. ಸ್ಪಂಜುಗಳಿಗೆ ನರಕೋಶಗಳೇ ಇಲ್ಲ. ಕೆರೆಕುಂಟೆಗಳಲ್ಲಿರುವ ಹೈಡ್ರಕ್ಕೂ ಕಡಲಿನ ಅಂಬಲಿಮೀನಿಗೂ ಶರೀರದ ತುಂಬ ಹರಡಿದ ಅಂಚೆಯುಂಟು, ಹಿರಿಯ ಠಾಣೆಯಿಲ್ಲ. ಚಪ್ಪಟೆಹುಳುವಿನಲ್ಲಿ ತಲೆಯ ಕಡೆ ಒಂದು ಗಂಟು, ಅಲ್ಲಿಂದ ಇಳಿದ ಎರಡು ಹುರಿಗಳು, ಅವುಗಳ ನಡುವೆ ಏಣಿಯ ಮೆಟ್ಟಿಲಿನಂತಹ ಅಡ್ಡ ಎಳೆಗಳು. ಎರೆಹುಳುವಿನ ಹುರಿಯು ಹೊಟ್ಟೆಯ ಕಡೆ ಇದ್ದು, ಶರೀರದ ಒಂದೊಂದು ಬಳೆಗೂ ಒಂದೊಂದು ನರಗಂಟನ್ನು ಪಡೆದಿದೆ. ಜಿರಲೆಯದೂ ಇದೇ ಕ್ರಮ. ತಲೆ ಹೋದ ಜಿರಲೆಯು ದಿನಗಟ್ಟಲೆ ಬದುಕಿದ್ದು ಕಾಲಾಡಿಸುವುದಕ್ಕೆ ಆ ಸ್ಥಳೀಯ ಠಾಣೆಗಳೇ ಕಾರಣ. ಮೀನಿನಿಂದ ಮನುಷ್ಯನವರೆಗೆ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಹುರಿಯು ಬೆನ್ನಿನ ಕಡೆ ಇದೆ, ಅದರ ತುದಿಯು ಉಬ್ಬಿ ಮಿದುಳಾಗಿದೆ. ಆಕ್ಟೊಪಸ್ಸಿನ ಏರ್ಪಾಟು ಇನ್ನೂ ವಿಲಕ್ಷಣ: ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ಎಂಟು ತೋಳುಗಳಲ್ಲಿಯೇ ಹಂಚಿಹೋಗಿವೆ.

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಪ್ರಕಟವಾದ ಎಣಿಕೆಯು ಹೇಳುತ್ತದೆ. ಇನ್ನೊಂದು ಕೊನೆಯಲ್ಲಿ, ಮಣ್ಣಿನಲ್ಲಿರುವ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದರಲ್ಲಿ ಕೇವಲ 302. ಕೇಂಬ್ರಿಜ್ಜಿನ ನಾಲ್ವರು ವಿಜ್ಞಾನಿಗಳು ಈ ಹುಳುವನ್ನು ಸಾವಿರಾರು ತೆಳುವಾದ ಸೀಳುಗಳಾಗಿ ಮಾಡಿ, ಒಂದೊಂದು ಎಳೆಯನ್ನೂ ಸೀಳಿನಿಂದ ಸೀಳಿಗೆ ಹಿಂಬಾಲಿಸಿ, 1986ರಲ್ಲಿ ಅದರ ಸಂಪೂರ್ಣ ನಕ್ಷೆಯನ್ನು ಹೊರತಂದರು. ಹಣ್ಣಿನ ನೊಣದ ಮಿದುಳಿನ ಸುಮಾರು 1,39,000 ನರಕೋಶಗಳ ನಕ್ಷೆಯು 2024ರಲ್ಲಿ ಪ್ರಕಟವಾಯಿತು. ಕೋಶಗಳು ಪ್ರತ್ಯೇಕವಾಗಿರುವುದರಿಂದಲೇ ಅವುಗಳನ್ನು ಎಣಿಸುವುದೂ ನಕ್ಷೆ ಬರೆಯುವುದೂ ಸಾಧ್ಯವಾದುವು.

ಇಷ್ಟಕ್ಕೆ ಗಾಲ್ಜಿಯು ಸಂಪೂರ್ಣವಾಗಿ ಸೋತನೆಂದು ಹೇಳಿ ಮುಗಿಸಿದರೆ ಅನ್ಯಾಯವಾದೀತು. ದುಂಡುಹುಳುವಿನ ಅದೇ ನಕ್ಷೆಯಲ್ಲಿ ಸುಮಾರು 5,000 ರಾಸಾಯನಿಕ ಸಂಧಿಗಳ ಜೊತೆಗೆ ಸುಮಾರು 600 ಬೇರೆ ತರದ ಸಂಧಿಗಳು ಕಂಡುಬಂದವು. ಇವುಗಳಲ್ಲಿ ಕೋಶಗಳ ಗೋಡೆಗಳು ಒತ್ತಿಕೊಂಡಿದ್ದು, ಸೂಕ್ಷ್ಮವಾದ ತೂಬುಗಳ ಮೂಲಕ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹರಿಯುತ್ತದೆ. ಇಂತಹ ವಿದ್ಯುತ್ಸಂಧಿಯನ್ನು ಸಿಹಿನೀರಿನ ಸೀಗಡಿಯ ಜಾತಿಯ ಪ್ರಾಣಿಯೊಂದರಲ್ಲಿ ಫರ್ಶ್‌ಪಾನ್ ಮತ್ತು ಪಾಟರ್ ಎಂಬವರು 1959ರಲ್ಲಿ ವಿವರವಾಗಿ ನಿರೂಪಿಸಿದ್ದರು. ಮೊದಲು ಹೇಳಿದ ಎರೆಹುಳುವು ತಟ್ಟನೆ ಬಿಲಕ್ಕೆ ಸೇರುವುದು ಈ ಬಗೆಯ ಸಂಧಿಗಳಿಂದ ಕೂಡಿದ ದಪ್ಪ ನರತಂತುಗಳ ಬಲದಿಂದ. ನಮ್ಮ ಕರಾವಳಿಯವರು ಬೊಂಡಾಸ ಎಂದು ಕರೆಯುವ ಸ್ಕ್ವಿಡ್ ಪ್ರಾಣಿಯ ದೈತ್ಯ ನರತಂತುವಾದರೋ ಅನೇಕ ಕೋಶಗಳ ಎಳೆಗಳು ಒಂದಾಗಿ ಬೆಸೆದು ಆದುದೆಂದು 1930ರ ದಶಕದಲ್ಲಿ ಯಂಗ್ ಎಂಬವನು ತೋರಿಸಿದನು. ನರದ ವಿದ್ಯುತ್ತಿನ ಗುಟ್ಟನ್ನು ಹಾಜ್ಕಿನ್ ಮತ್ತು ಹಕ್ಸ್‌ಲಿ ಎಂಬವರು 1952ರಲ್ಲಿ ಬಿಡಿಸಿದ್ದು ಇದೇ ತಂತುವಿನ ಸಹಾಯದಿಂದ.

ಕೊನೆಯದಾಗಿ 2023ರ ಒಂದು ಸಂಗತಿ. ಬಾಚಣಿಗೆಯಂತಹ ರೋಮಗಳ ಸಾಲುಗಳಿಂದ ಈಜುವ, ಅಂಬಲಿಮೀನನ್ನು ಹೋಲುವ ಒಂದು ಕಡಲ ಪ್ರಾಣಿಯ ಮರಿಯನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸೀಳು ಸೀಳಾಗಿ ಪರೀಕ್ಷಿಸಿದರು. ಅದರ ಚರ್ಮದ ಕೆಳಗಿನ ನರಜಾಲದಲ್ಲಿ ಕೋಶಗಳ ಎಳೆಗಳು ನಡುವೆ ಬಿರುಕಿಲ್ಲದೆ ಒಂದರೊಳಗೊಂದು ಕೂಡಿಕೊಂಡಿದ್ದವು. ಆ ಜಾಲವು ಬೇರೆ ಬಗೆಯ ಕೋಶಗಳಿಗೆ ಸುದ್ದಿಯನ್ನು ಕೊಡುವಾಗ ಅಂಚೆಯ ಕ್ರಮವನ್ನೇ ಅನುಸರಿಸುತ್ತದೆ. ತನ್ನೊಳಗೆ ಮಾತ್ರ ಅದು ನಿಜವಾದ ಕಾಲುವೆ. ಗಾಲ್ಜಿಯು ಮನುಷ್ಯನ ಮಿದುಳಿನಲ್ಲಿ ಹುಡುಕಿದ ವಸ್ತುವು ಭೂಮಿಯ ಮೇಲೆ ಇಲ್ಲದ್ದಲ್ಲ. ಅವನು ಹುಡುಕಿದ ಜಾಗದಲ್ಲಿ ಇರಲಿಲ್ಲ. ಈ ಶೋಧನೆಯಲ್ಲಿ ಮುಂದಾದ ವಿಜ್ಞಾನಿಗಳು ಕೆಲಸಮಾಡಿದ್ದು ಬರ್ಗೆನ್ ನಗರದಲ್ಲಿ. ಅಲ್ಲಿಯೇ 136 ವರ್ಷಗಳ ಹಿಂದೆ ತರುಣನಾದ ನಾನ್ಸೆನ್ನನು ಇಟಲಿಯಿಂದ ತಂದ ಬೆಳ್ಳಿಯ ಬಣ್ಣವನ್ನು ಕಡಲ ಪ್ರಾಣಿಗಳಿಗೆ ಹಚ್ಚಿ, ಜಾಲವಿಲ್ಲವೆಂದು ಬರೆದಿದ್ದನು. ಇಬ್ಬರೂ ತಮ್ಮ ಮುಂದಿದ್ದ ಪ್ರಾಣಿಯಲ್ಲಿ ಕಂಡದ್ದನ್ನು ಕಂಡಂತೆಯೇ ಹೇಳಿದರು.